ಒಂದು ಕ್ರಿಯಾಪದದ ಸಾಕ್ಷ್ಯ

ಕ್ರಿ.ಶ. ೬೪ರ ಜುಲೈ ತಿಂಗಳಲ್ಲಿ ರೋಮ್ ನಗರಕ್ಕೆ ಬೆಂಕಿ ಬಿದ್ದಿತು. ಆರನೆಯ ದಿನ ನಂದಿದಂತೆ ಕಂಡು ಮತ್ತೆ ಹೊತ್ತಿಕೊಂಡಿತು. ನಗರದ ೧೪ ವಿಭಾಗಗಳಲ್ಲಿ ೩ ನೆಲಸಮವಾದುವು. ೭ರಲ್ಲಿ ಅರೆಸುಟ್ಟ ಅವಶೇಷಗಳಷ್ಟೇ ಉಳಿದುವು. ಬೆಂಕಿ ಇಡಿಸಿದವನು ಚಕ್ರವರ್ತಿ ನೀರೋ ಎಂಬ ಮಾತು ಊರೆಲ್ಲ ಹಬ್ಬಿತು. ಆ ಅಪವಾದವನ್ನು ತೊಡೆದುಕೊಳ್ಳಲು ಅವನು ಕ್ರೈಸ್ತರ ಮೇಲೆ ತಪ್ಪು ಹೊರಿಸಿ, ಅವರನ್ನು ಘೋರವಾಗಿ ಕೊಲ್ಲಿಸಿದನೆಂದು ಇತಿಹಾಸಕಾರ ಟ್ಯಾಸಿಟಸ್ ಮುಂದಿನ ಶತಮಾನದಲ್ಲಿ ತನ್ನ 'ಆನಲ್ಸ್' ಗ್ರಂಥದಲ್ಲಿ ಬರೆದನು.

ಆ ವೃತ್ತಾಂತ ಮುಗಿಯುವುದು 'ಅಬ್ಸೂಮೆರೆಂತುರ್' ಎಂಬ ಕ್ರಿಯಾಪದದಿಂದ. ಇದನ್ನು ಕಟ್ಟುವ ಬಗೆ ಸುಲಭ. 'ಅಬ್ಸೂಮೆರೆ' ಎಂದರೆ ನಾಶಮಾಡುವುದು. ಅದಕ್ಕೆ 'ಅವರು' ಎಂಬುದನ್ನು ಸೂಚಿಸುವ ಕರ್ಮಣಿ ಪ್ರತ್ಯಯ 'ನ್ತುರ್' ಹಚ್ಚಿದರಾಯಿತು. ವೈಯಾಕರಣರು ಇದನ್ನು ಕರ್ಮಣಿ ಪ್ರಯೋಗದ ಅಪೂರ್ಣಭೂತ ಸಂಭಾವನಾರೂಪವೆನ್ನುತ್ತಾರೆ. ಹೆಸರು ದೊಡ್ಡದು, ಅದು ಇಲ್ಲಿ ಹೊತ್ತಿರುವ ಭಾರವೂ ದೊಡ್ಡದೇ.

ಟ್ಯಾಸಿಟಸನಿಗೆ ಕ್ರೈಸ್ತರ ಮೇಲೆ ಪ್ರೀತಿಯಿರಲಿಲ್ಲ. ಅವರು ಕಠಿನ ಶಿಕ್ಷೆಗೆ ತಕ್ಕವರೆಂದೇ ಅವನ ಮತ. ಆದರೂ ಜನರಿಗೆ ಅವರ ಮೇಲೆ ಮರುಕ ಹುಟ್ಟಿತೆನ್ನುತ್ತಾನೆ. ಏಕೆ? ಅವರು ಲೋಕಹಿತಕ್ಕಾಗಿ ಸಾಯದೆ ಒಬ್ಬನ ಕ್ರೌರ್ಯಕ್ಕೆ ಆಹುತಿಯಾಗುತ್ತಿದ್ದಾರೆ ಎಂಬ ಭಾವನೆಯಿಂದ. ಸಂಭಾವನಾರೂಪ ಬಂದಿರುವುದರಿಂದ ಈ ಕಾರಣ ನೋಡಿದವರ ಮನಸ್ಸಿನದು. ಗ್ರಂಥಕರ್ತ ಅದನ್ನು ತನ್ನ ತೀರ್ಪಾಗಿ ನುಡಿದಿಲ್ಲ, ಸುಳ್ಳೆಂದು ತಳ್ಳಿಯೂ ಇಲ್ಲ. ಮರುಕ ಹುಟ್ಟಿದ್ದು ಹಿಂದೆ, ಅದರ ಜೊತೆಜೊತೆಗೇ ಕೊಲೆ ನಡೆಯುತ್ತಿತ್ತು, ಆದುದರಿಂದ ಅಪೂರ್ಣಭೂತ.

ಇದನ್ನು ಕನ್ನಡಕ್ಕೆ ತರುವಾಗ ಎರಡು ಕಡೆಯೂ ಎಚ್ಚರ ಬೇಕೆಂದು ನನಗನಿಸುತ್ತದೆ. 'ಆಹುತಿಯಾಗುತ್ತಿದ್ದುದರಿಂದ' ಎಂದರೆ ಟ್ಯಾಸಿಟಸನೇ ಆರೋಪ ಹೊರಿಸಿದಂತಾಗುತ್ತದೆ. 'ಆಹುತಿಯಾಗುತ್ತಿದ್ದಾರೆಂದು ಭ್ರಮಿಸಿ' ಎಂದರೆ ಜನರು ಮೂಢರಾಗುತ್ತಾರೆ. 'ನಾಶಮಾಡಲ್ಪಡುತ್ತಿದ್ದಾರೋ ಎಂಬಂತೆ' ಎಂದು ಕರ್ಮಣಿಯನ್ನು ಬಿಡದೆ ಹಿಡಿದರೆ ವ್ಯಾಕರಣ ಉಳಿದು ಮರುಕ ಸಾಯುತ್ತದೆ. ನಮ್ಮ 'ಎಂದು ಬಗೆದು' ಎಂಬ ಸಾದಾ ಮಾತೇ ಮೂಲಕ್ಕೆ ಹತ್ತಿರ. ನ್ಯಾಯವೋ ಅನ್ಯಾಯವೋ ಎಂಬ ತೀರ್ಮಾನವನ್ನು ಅದು ಓದುವವನಿಗೇ ಬಿಡುತ್ತದೆ.

ಈ ಭಾಗ ನಮಗೆ ಉಳಿದುಬಂದಿರುವುದು ೧೧ನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕಸೀನೊ ಮಠದಲ್ಲಿ ನಕಲಾದ ಹಸ್ತಪ್ರತಿಯ ಮೂಲಕ. ಅದೀಗ ಫ್ಲಾರೆನ್ಸಿನ ಲಾರೆಂಟಿಯನ್ ಗ್ರಂಥಾಲಯದಲ್ಲಿದೆ. ಅದನ್ನು ಬರೆದಿಟ್ಟದ್ದು ಕ್ರೈಸ್ತ ಮಠ. ತಮ್ಮ ಪೂರ್ವಿಕರನ್ನು ಹಳಿದ ಮಾತುಗಳೂ ಅಲ್ಲಿ ಹಾಗೆಯೇ ಉಳಿದುವು. ಅವುಗಳ ಜೊತೆಯಲ್ಲಿ, ಹೆಸರೇ ತಿಳಿಯದ ರೋಮನ್ ಜನರ ಮರುಕವೂ ಉಳಿಯಿತು.