ಡಿಕ್ಕಿಯ ನಂತರ: ಮೋಟಾರು ರೇಸಿನಲ್ಲಿ ಎದುರಾಳಿ ಚಾಲಕರ ನಡವಳಿಕೆ ಮತ್ತು ಸುರಕ್ಷತೆ

ಪೈಪೋಟಿಯಲ್ಲಿರುವ ಎರಡು ರೇಸ್ ಕಾರುಗಳು ಡಿಕ್ಕಿ ಹೊಡೆದು ನಿಂತ ಮೇಲೆ ಚಾಲಕರು ಹೇಗೆ ನಡೆದುಕೊಳ್ಳಬೇಕು ಎಂಬುದರ ಸುತ್ತ ಬೆಳೆದು ಬಂದ ರೂಢಿ, ನಿಯಮ ಮತ್ತು ಶಿಕ್ಷೆಗಳ ಚರಿತ್ರೆ. ತಪ್ಪು ಯಾರದು ಎಂಬ ಜಗಳ ರೇಸಿನಷ್ಟೇ ಹಳೆಯದು. ಡಿಕ್ಕಿಯಾದ ಮರುಗಳಿಗೆಯಲ್ಲಿ ಚಾಲಕ ಎಲ್ಲಿರಬೇಕು ಎಂಬುದನ್ನು ಮಾತ್ರ ನಿಯಮ ಬರೆಯುವವರು ಬಹಳ ತಡವಾಗಿ ಯೋಚಿಸಿದರು.

1970ರ ದಶಕದಲ್ಲಿ ಅಪಘಾತಕ್ಕೀಡಾದವರಿಗೆ ಅನೇಕ ಸಲ ಜೊತೆಯ ಚಾಲಕರೇ ದಿಕ್ಕು. 1973ರ ಜುಲೈ 29ರಂದು ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್‌ನಲ್ಲಿ ರಾಜರ್ ವಿಲಿಯಮ್ಸನ್ ಅವರ ಕಾರು ಮಗುಚಿ ಹೊತ್ತಿಕೊಂಡಿತು. ಡೇವಿಡ್ ಪರ್ಲಿ ತಮ್ಮ ಕಾರು ನಿಲ್ಲಿಸಿ, ಟ್ರ್ಯಾಕ್ ದಾಟಿ ಓಡಿ, ಒಬ್ಬರೇ ಆ ಕಾರನ್ನು ಎತ್ತಿ ಹೊರಳಿಸಲು ನೋಡಿದರು. ಅಲ್ಲಿದ್ದ ಟ್ರ್ಯಾಕ್ ಸಿಬ್ಬಂದಿಯಾದ ಮಾರ್ಷಲ್‌ಗಳಿಗೆ ಬೆಂಕಿ ತಡೆಯುವ ಉಡುಪು ಇರಲಿಲ್ಲ, ರೇಸೂ ನಿಲ್ಲಲಿಲ್ಲ. ಪಕ್ಕದಲ್ಲೇ ಹಾದುಹೋದ ಇತರ ಚಾಲಕರು, ಉರಿಯುವ ಕಾರಿನ ಬಳಿ ಕೈ ಬೀಸುತ್ತಿದ್ದವರನ್ನು ಅದರಿಂದ ಪಾರಾದ ಚಾಲಕನೆಂದೇ ತಿಳಿದರು. ವಿಲಿಯಮ್ಸನ್ ಉಳಿಯಲಿಲ್ಲ. ಪರ್ಲಿಗೆ ಬ್ರಿಟನ್ನಿನ ಜಾರ್ಜ್ ಪದಕ ಸಂದಿತು. ಮೂರು ವರ್ಷಗಳ ನಂತರ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಿಕಿ ಲೌಡಾ ಅವರನ್ನು ಬೆಂಕಿಯಿಂದ ಎಳೆದು ತೆಗೆದವರೂ ಸಹಚಾಲಕರೇ: ಮೆರ್ಜಾರಿಯೊ, ಲಂಗರ್, ಎಡ್ವರ್ಡ್ಸ್ ಮತ್ತು ಎರ್ಟ್ಲ್. ಆದರೆ ಓಡುತ್ತಿರುವ ಕಾರುಗಳ ಮುಂದೆ ಸದುದ್ದೇಶವೂ ರಕ್ಷಣೆಯಲ್ಲ. 1977ರಲ್ಲಿ ದಕ್ಷಿಣ ಆಫ್ರಿಕಾದ ಕಯಲಾಮಿಯಲ್ಲಿ ಕೆಟ್ಟು ನಿಂತ ಕಾರಿನತ್ತ ಬೆಂಕಿ ಆರಿಸುವ ಉಪಕರಣ ಹಿಡಿದು ಓಡಿದ 19 ವರ್ಷದ ಮಾರ್ಷಲ್ ಒಬ್ಬರು ಚಾಲಕ ಟಾಮ್ ಪ್ರೈಸ್ ಅವರ ಕಾರಿಗೆ ಸಿಕ್ಕರು; ಆ ಉಪಕರಣ ಪ್ರೈಸ್ ತಲೆಗೆ ಬಡಿಯಿತು. ಇಬ್ಬರೂ ಅಲ್ಲೇ ತೀರಿಕೊಂಡರು.

ಸಿಟ್ಟಿನ ಚರಿತ್ರೆ ಬೇರೆ ದಾರಿ ಹಿಡಿಯಿತು. ಅದಕ್ಕೆ ಚಪ್ಪಾಳೆಯೂ ಬಿತ್ತು. 1979ರ ಫೆಬ್ರವರಿಯಲ್ಲಿ ಡೇಟೋನಾ 500 ರೇಸಿನ ಕೊನೆಯ ಲ್ಯಾಪ್‌ನಲ್ಲಿ ಮೊದಲ ಸ್ಥಾನಕ್ಕೆ ಸೆಣಸುತ್ತಿದ್ದ ಕೇಲ್ ಯಾರ್ಬರೊ ಮತ್ತು ಡಾನಿ ಆಲಿಸನ್ ಪರಸ್ಪರ ಗುದ್ದಿಕೊಂಡು ಹುಲ್ಲಿಗೆ ಜಾರಿದರು. ಗೆಲುವು ರಿಚರ್ಡ್ ಪೆಟಿ ಪಾಲಾಯಿತು. ಡಾನಿಯ ಅಣ್ಣ ಬಾಬಿಯೂ ಬಂದು ಸೇರಿ ಮೂವರೂ ಕೈಕೈ ಮಿಲಾಯಿಸಿದರು. ಅಮೆರಿಕದ ಪೂರ್ವಭಾಗದ ಜನ ಹಿಮಪಾತದಿಂದ ಮನೆಯಲ್ಲೇ ಕೂತಿದ್ದ ದಿನ, ಮೊದಲ ಬಾರಿಗೆ ಆ ರೇಸು ಆದಿಯಿಂದ ಅಂತ್ಯದವರೆಗೆ ಟಿವಿಯಲ್ಲಿ ನೇರ ಪ್ರಸಾರವಾಗಿತ್ತು. ಆ ರೇಸು ನಡೆಸುವ ಸಂಸ್ಥೆ ನ್ಯಾಸ್ಕಾರ್ ದೇಶದ ಮನೆಮಾತಾಗಲು ಈ ಹೊಡೆದಾಟವೂ ಒಂದು ಕಾರಣ ಎಂದು ಈಗಲೂ ಹೇಳುತ್ತಾರೆ. 1982ರಲ್ಲಿ ಹಾಕನ್‌ಹೈಮ್‌ನಲ್ಲಿ ಮುನ್ನಡೆಯಲ್ಲಿದ್ದ ನೆಲ್ಸನ್ ಪಿಕೆ, ತಮಗೆ ಡಿಕ್ಕಿ ಹೊಡೆದ ಎಲಿಸೆಯೊ ಸಲಾಜರ್‌ಗೆ ಟ್ರ್ಯಾಕ್ ಅಂಚಿನಲ್ಲೇ ಗುದ್ದಿ ಒದ್ದರು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇದ್ದುದರಿಂದ ಅದು ಇಂದು ನಗೆಯ ದೃಶ್ಯವಾಗಿ ಉಳಿದಿದೆ.

ಈ ಚರಿತ್ರೆಯ ನಡುಗಂಬ ಜಪಾನಿನ ಸುಝುಕಾ. 1989ರ ಅಕ್ಟೋಬರ್ 22ರಂದು ಒಂದೇ ಮೆಕ್ಲಾರೆನ್ ತಂಡದ ಅಲೈನ್ ಪ್ರಾಸ್ಟ್ ಮತ್ತು ಐರ್ಟನ್ ಸೆನ್ನಾ ಚಾಂಪಿಯನ್ ಪಟ್ಟಕ್ಕೆ ಸೆಣಸುತ್ತಿದ್ದರು. ಪಟ್ಟದ ಆಸೆ ಉಳಿಯಬೇಕಾದರೆ ಸೆನ್ನಾ ಗೆಲ್ಲಲೇಬೇಕಿತ್ತು. ಕೊನೆಯ ಲ್ಯಾಪ್‌ಗಳಲ್ಲಿ ಅವರು ಒಳಬದಿಯಿಂದ ನುಗ್ಗಿದರು, ಪ್ರಾಸ್ಟ್ ದಾರಿ ಬಿಡದೆ ತಿರುಗಿಸಿದರು. ಎರಡು ಕಾರುಗಳೂ ಸಿಕ್ಕಿಕೊಂಡು ನಿಂತವು. ಪ್ರಾಸ್ಟ್ ಇಳಿದು ನಡೆದರು. ಸೆನ್ನಾ ಮಾರ್ಷಲ್‌ಗಳಿಂದ ಕಾರು ತಳ್ಳಿಸಿಕೊಂಡು, ತಿರುವನ್ನು ಬಿಟ್ಟು ಪಕ್ಕದ ದಾರಿಯಿಂದ ಮತ್ತೆ ಟ್ರ್ಯಾಕ್ ಸೇರಿ, ಕಾರಿನ ಮೂತಿ ಬದಲಿಸಿಕೊಂಡು ಮೊದಲಿಗರಾಗಿಯೇ ಗುರಿ ಮುಟ್ಟಿದರು. ಅಧಿಕಾರಿಗಳು ಅವರನ್ನು ಅನರ್ಹಗೊಳಿಸಿದರು. ಡಿಕ್ಕಿಗಾಗಿ ಅಲ್ಲ, ಮರಳಿ ಟ್ರ್ಯಾಕ್ ಸೇರಿದ ರೀತಿಗಾಗಿ. ಗೆಲುವು ಅವರ ಹಿಂದೆ ಬಂದ ನನ್ನೀನಿಗೆ, ಪಟ್ಟ ಪ್ರಾಸ್ಟ್‌ಗೆ ಹೋಯಿತು.

ಮರುವರ್ಷ ಅದೇ ಸುಝುಕಾದಲ್ಲಿ ಲೆಕ್ಕ ತಿರುಗುಮುರುಗಾಗಿತ್ತು: ಇಬ್ಬರೂ ಹೊರಬಿದ್ದರೆ ಸೆನ್ನಾ ಚಾಂಪಿಯನ್. ಫೆರಾರಿ ಸೇರಿದ್ದ ಪ್ರಾಸ್ಟ್ ಮುಂದೆ ಹೋಗುತ್ತಲೇ ಮೊದಲ ತಿರುವಿನಲ್ಲಿ ಸೆನ್ನಾ ನೇರ ನುಗ್ಗಿದರು. ಹಿಂದೆ ಇಡೀ ಸಾಲು ಕಾರುಗಳು ಬರುತ್ತಿದ್ದವು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾರಿಗೂ ಪೆಟ್ಟಾಗಲಿಲ್ಲ, ಯಾರಿಗೂ ದಂಡವೂ ಬೀಳಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದೆನೆಂದು ಸೆನ್ನಾ 1991ರಲ್ಲಿ ತಾವೇ ಒಪ್ಪಿಕೊಂಡರು. ಇದೇ ಸೆನ್ನಾ 1992ರಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ ಎರಿಕ್ ಕೋಮಾಸ್ ಅಪ್ಪಳಿಸಿ ಎಚ್ಚರ ತಪ್ಪಿದಾಗ ತಮ್ಮ ಕಾರು ನಿಲ್ಲಿಸಿ, ಟ್ರ್ಯಾಕ್ ಮೇಲೆ ಓಡಿಹೋಗಿ, ಆ ಕಾರಿನ ಎಂಜಿನ್ ಆರಿಸಿ, ವೈದ್ಯರು ಬರುವವರೆಗೆ ಕೋಮಾಸ್ ತಲೆಯನ್ನು ಹಿಡಿದುಕೊಂಡಿದ್ದರು. ಎರಡನ್ನೂ ಒಟ್ಟಿಗೆ ಹೇಳದೆ ಸೆನ್ನಾ ಕಥೆ ಹೇಳುವವರನ್ನು ನಂಬುವುದು ಕಷ್ಟ.

1994ರಲ್ಲಿ ಅಡಿಲೇಡ್‌ನಲ್ಲಿ ಗೋಡೆಗೆ ತಾಗಿ ಬಂದ ಮೈಕೆಲ್ ಷೂಮಾಕರ್, ಹಾದುಹೋಗುತ್ತಿದ್ದ ಡೇಮನ್ ಹಿಲ್‌ಗೆ ಗುದ್ದಿ ಒಂದೇ ಅಂಕದಿಂದ ಚಾಂಪಿಯನ್ ಆದರು, ಶಿಕ್ಷೆಯಾಗಲಿಲ್ಲ. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಜಾಕ್ ವಿಲ್‌ನವ್‌ಗೆ ಗುದ್ದಿದಾಗ ಜಲ್ಲಿಯಲ್ಲಿ ಹೂತು ನಿಂತದ್ದು ಷೂಮಾಕರ್ ಅವರ ಕಾರೇ. ಈ ಸಲ ಮೋಟಾರು ರೇಸಿನ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆ ಎಫ್ಐಎ ಅವರನ್ನು ಆ ವರ್ಷದ ಅಂಕಪಟ್ಟಿಯ ಎರಡನೇ ಸ್ಥಾನದಿಂದ ತೆಗೆದುಹಾಕಿ, ರಸ್ತೆ ಸುರಕ್ಷತೆಯ ಪ್ರಚಾರ ಮಾಡುವಂತೆ ಹೇಳಿತು. 1998ರಲ್ಲಿ ಸ್ಪಾದ ಮಳೆಯಲ್ಲಿ ಮೆಕ್ಲಾರೆನ್ ತಂಡದ ಕೌಲ್ಥಾರ್ಡ್ ಕಾರಿನ ಹಿಂಬದಿಗೆ ಬಡಿದ ಅವರು ಮೂರು ಚಕ್ರದಲ್ಲೇ ಪಿಟ್‌ಗೆ ಬಂದು ನೇರ ಮೆಕ್ಲಾರೆನ್ ಗ್ಯಾರೇಜಿಗೆ ನುಗ್ಗಿದರು. ಜನ ಹಿಡಿದು ನಿಲ್ಲಿಸಬೇಕಾಯಿತು. ಭಾರತದಲ್ಲಿ 2011ರಲ್ಲಿ ನಡೆದ ಮೊದಲ ಗ್ರಾಂಡ್ ಪ್ರಿಯಲ್ಲೂ, ಆ ವರ್ಷವಿಡೀ ತಾಗಾಡಿಕೊಂಡು ಬಂದಿದ್ದ ಹ್ಯಾಮಿಲ್ಟನ್ ಮತ್ತು ಮಾಸಾ ಬುದ್ಧ್ ಸರ್ಕ್ಯೂಟ್‌ನಲ್ಲಿ ಮತ್ತೊಮ್ಮೆ ಡಿಕ್ಕಿಯಾದರು. ದಂಡ ತೆತ್ತವರು ಮಾಸಾ.

ಸಿಟ್ಟು ತಮಾಷೆಯ ವಸ್ತುವಾಗಿದ್ದ ಕಾಲ ಮುಗಿದದ್ದು 2014ರ ಆಗಸ್ಟ್ 9ರ ರಾತ್ರಿ. ನ್ಯೂಯಾರ್ಕ್ ರಾಜ್ಯದ ಕ್ಯಾನಂಡೈಗ್ವಾ ಬಳಿಯ ಮಣ್ಣಿನ ಟ್ರ್ಯಾಕ್‌ನಲ್ಲಿ ಟೋನಿ ಸ್ಟೀವರ್ಟ್ ಜೊತೆ ಸೆಣಸುವಾಗ 20 ವರ್ಷದ ಕೆವಿನ್ ವಾರ್ಡ್ ಅವರ ಕಾರು ತಿರುಗಿ ಗೋಡೆಗೆ ಬಡಿಯಿತು. ಎಚ್ಚರಿಕೆಯ ಸಂಕೇತ ಬಿದ್ದು ಕಾರುಗಳು ನಿಧಾನವಾಗಿ ಸಾಗುತ್ತಿದ್ದಾಗ ವಾರ್ಡ್ ಇಳಿದು, ಕೈ ತೋರಿಸುತ್ತ ಟ್ರ್ಯಾಕ್ ಮೇಲೆ ನಡೆದುಬಂದರು. ಸ್ಟೀವರ್ಟ್ ಅವರ ಕಾರಿನ ಹಿಂಚಕ್ರ ಬಡಿದು ಪ್ರಾಣ ಬಿಟ್ಟರು. ವಿಚಾರಣೆ ನಡೆಸಿದ ಗ್ರಾಂಡ್ ಜ್ಯೂರಿ ಸ್ಟೀವರ್ಟ್ ಮೇಲೆ ಆರೋಪ ಹೊರಿಸಲಿಲ್ಲ. ಅದಕ್ಕೂ ಎರಡು ವರ್ಷದ ಹಿಂದಷ್ಟೇ ಬ್ರಿಸ್ಟಲ್‌ನಲ್ಲಿ ಇದೇ ಸ್ಟೀವರ್ಟ್ ಕೆಟ್ಟ ಕಾರಿನಿಂದಿಳಿದು ಮ್ಯಾಟ್ ಕೆನ್ಸೆತ್ ಕಾರಿಗೆ ಹೆಲ್ಮೆಟ್ ಬೀಸಿ ಎಸೆದಾಗ ಪ್ರೇಕ್ಷಕರು ಹೋ ಎಂದು ಕೂಗಿ ಮೆಚ್ಚಿದ್ದರು.

ದುರಂತ ನಡೆದ ಆರೇ ದಿನಗಳಲ್ಲಿ ನ್ಯಾಸ್ಕಾರ್ ನಿಯಮ ತಂದಿತು: ಬೆಂಕಿ, ಹೊಗೆಯಂಥ ಅಪಾಯವಿಲ್ಲದಿದ್ದರೆ, ರಕ್ಷಣಾ ಸಿಬ್ಬಂದಿ ಬಂದು ಹೇಳುವವರೆಗೆ ಚಾಲಕ ಕಾರಿನಲ್ಲೇ ಇರಬೇಕು, ಇಳಿದ ಮೇಲೆ ಟ್ರ್ಯಾಕ್ ಕಡೆಗಾಗಲಿ ಚಲಿಸುವ ಕಾರಿನ ಕಡೆಗಾಗಲಿ ಹೋಗಕೂಡದು. ಫಾರ್ಮುಲಾ ಒನ್‌ನಲ್ಲಿ ಪೆಟ್ಟು ಮಿತಿ ಮೀರಿದರೆ ಕಾರಿನ ಮೇಲೆ ವೈದ್ಯಕೀಯ ಎಚ್ಚರಿಕೆಯ ದೀಪ ಹೊತ್ತುತ್ತದೆ. ಆಗ ಚಾಲಕ ಎಷ್ಟೇ ಸಲೀಸಾಗಿ ನಡೆದು ಬಂದರೂ ವೈದ್ಯರ ತಪಾಸಣೆಗೆ ಹೋಗಲೇಬೇಕು.

ಸೌಜನ್ಯಕ್ಕೆ ಮಾತ್ರ ನಿಯಮವಿಲ್ಲ. 2021ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಹ್ಯಾಮಿಲ್ಟನ್ ತಾಗಿ ಮ್ಯಾಕ್ಸ್ ವರ್ಸ್ಟಾಪನ್ ತಡೆಗೋಡೆಗೆ ಅಪ್ಪಳಿಸಿ ಆಸ್ಪತ್ರೆ ಸೇರಿದರು. 10 ಸೆಕೆಂಡಿನ ದಂಡ ತೆತ್ತೂ ಗೆದ್ದ ಹ್ಯಾಮಿಲ್ಟನ್ ಸಂಭ್ರಮಿಸಿದ್ದನ್ನು ವರ್ಸ್ಟಾಪನ್ ಅಗೌರವವೆಂದು ಟೀಕಿಸಿದರು. ಸೆಪ್ಟೆಂಬರ್‌ನಲ್ಲಿ ಇಟಲಿಯ ಮಾಂಜಾದಲ್ಲಿ ವರ್ಸ್ಟಾಪನ್ ಕಾರು ಹ್ಯಾಮಿಲ್ಟನ್ ಕಾರಿನ ಮೇಲೇರಿತು; 2018ರಲ್ಲಿ ಕಡ್ಡಾಯವಾದ ಹೇಲೊ ಎಂಬ ಕಮಾನು ಇಲ್ಲದಿದ್ದರೆ ಚಕ್ರ ನೇರ ತಲೆಯ ಮೇಲೆಯೇ ಬೀಳುತ್ತಿತ್ತು. ವರ್ಸ್ಟಾಪನ್ ಕೆಳಗಿನ ಕಾರಿನಲ್ಲಿದ್ದವರನ್ನು ವಿಚಾರಿಸದೆ ನಡೆದುಹೋದರು. ಡಿಕ್ಕಿಗೆ ದಂಡವೆಂದು ಮುಂದಿನ ಸೋಚಿ ರೇಸಿನಲ್ಲಿ ಅವರನ್ನು ಮೂರು ಸ್ಥಾನ ಹಿಂದಕ್ಕೆ ತಳ್ಳಲಾಯಿತು. ಎಂಜಿನ್ ಬದಲಿಸಿದ್ದರಿಂದ ಹೇಗೂ ಕೊನೆಯಿಂದಲೇ ಹೊರಡಬೇಕಾಗಿದ್ದ ಅವರು ಅಲ್ಲಿ ಎರಡನೆಯವರಾಗಿ ಮುಗಿಸಿದರು.