ಮನೆ ತೆರಿಗೆ ಇಳಿದ ಕಥೆ

ಮುಂಬಯಿಯಲ್ಲಿ 500 ಚದರಡಿಯವರೆಗಿನ ವಾಸದ ಮನೆಗಳಿಗೆ 2022ರ ಜನವರಿ 1ರಿಂದ ಆಸ್ತಿ ತೆರಿಗೆಯ ವಿನಾಯಿತಿ ದೊರೆತಾಗ, ಒಂದೆರಡು ಕೋಣೆಗಳಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಸಂತೋಷವಾದದ್ದು ಸಹಜ. ಆದರೆ ಹೀಗೆ ಬಿಟ್ಟುಕೊಟ್ಟ ಹಣವನ್ನು ಮಹಾನಗರಪಾಲಿಕೆಗೆ ತುಂಬಿಕೊಡುವವರು ಯಾರು? ಇದೇ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1978ರಲ್ಲೇ ಎದ್ದಿತ್ತು.

1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಭರದಿಂದ ಏರಿತು. ಬೆಲೆಯೊಡನೆ ತೆರಿಗೆಯೂ ಏರಿತು. ನಿವೃತ್ತರ ವರಮಾನ ಮಾತ್ರ ಹಾಗೆ ಏರಲಿಲ್ಲ. ಸಾಲ ತೀರಿಸಿ ತಮ್ಮದಾಗಿಸಿಕೊಂಡ ಮನೆಯನ್ನೇ ತೆರಿಗೆ ಕಟ್ಟಲಾರದೆ ಮಾರಬೇಕಾದೀತೆಂಬ ಭಯ ವೃದ್ಧರನ್ನು ಕಾಡಿತು. ಆಗ ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಎಂಬಿಬ್ಬರು ಸಹಿ ಸಂಗ್ರಹಿಸಿ ‘13ನೆಯ ಪ್ರಸ್ತಾಪ’ವನ್ನು ಜನರ ಮತಕ್ಕೆ ತಂದರು. ತೆರಿಗೆ ಆಸ್ತಿಯ ಬೆಲೆಯ ಶೇಕಡಾ 1ನ್ನು ಮೀರಬಾರದು; ಲೆಕ್ಕಕ್ಕೆ 1975ರ ಬೆಲೆಯನ್ನೇ ಹಿಡಿಯಬೇಕು; ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚಿಸಕೂಡದು; ಮನೆ ಕೈಬದಲಾದರೆ ಅಥವಾ ಹೊಸದಾಗಿ ಕಟ್ಟಿದರೆ ಮಾತ್ರ ಅಂದಿನ ಬೆಲೆ — ಇದು ಅದರ ಸಾರಾಂಶ.

ನಗರಸಭೆಗಳೂ ಶಾಲಾ ಮಂಡಲಿಗಳೂ ಗಾಬರಿಗೊಂಡವು. ಶಾಲೆ, ಗ್ರಂಥಾಲಯ, ಅಗ್ನಿಶಾಮಕ ದಳ, ಎಲ್ಲವೂ ಈ ತೆರಿಗೆಯನ್ನೇ ನೆಚ್ಚಿಕೊಂಡಿದ್ದವು. ಗವರ್ನರ್ ಜೆರಿ ಬ್ರೌನರೂ ಪ್ರಸ್ತಾಪವನ್ನು ವಿರೋಧಿಸಿದರು. ಆದರೂ ಜೂನ್ 6ರಂದು ಸುಮಾರು ಶೇಕಡಾ 65 ಮತಗಳಿಂದ ಅದು ಗೆದ್ದಿತು. ಆಸ್ತಿ ತೆರಿಗೆಯ ಉತ್ಪನ್ನ ಅರ್ಧಕ್ಕಿಂತ ಕೆಳಗಿಳಿಯಿತು.

ಸ್ಥಳೀಯ ಸಂಸ್ಥೆಗಳು ಹೆದರಿದ್ದು ಆಯಿತೆ? ಒಮ್ಮೆಗೇ ಆಗಲಿಲ್ಲ. ರಾಜ್ಯದ ಬೊಕ್ಕಸದಲ್ಲಿ ದೊಡ್ಡ ಉಳಿತಾಯವಿತ್ತು. ಅದರಿಂದ ಮೊದಲ ವರ್ಷವೇ 400 ಕೋಟಿ ಡಾಲರಿಗೂ ಮಿಕ್ಕಿ ನೆರವು ಬಂತು. ಆದರೆ ಹಣದ ಹಿಂದೆಯೇ ಅಧಿಕಾರವೂ ರಾಜಧಾನಿ ಸ್ಯಾಕ್ರಮೆಂಟೊಕ್ಕೆ ಸರಿಯಿತು. ಊರಿನ ಶಾಲೆಗೆ ಎಷ್ಟು ಹಣವೆಂಬುದನ್ನು ಊರವರ ಬದಲು ರಾಜ್ಯವೇ ಗೊತ್ತುಮಾಡತೊಡಗಿತು. ಕಚೇರಿಯ ಕಡತಗಳ ನಡುವೆ ಬಾಳುವ ನಮಗೆ ಇದು ಹೊಸ ಮಾತಲ್ಲ. ಅನುದಾನದ ಆದೇಶದ ಜತೆಗೆ ಷರತ್ತುಗಳ ಪಟ್ಟಿಯೂ ಬರುತ್ತದೆ. ನಗರಗಳು ಬಗೆಬಗೆಯ ಶುಲ್ಕಗಳನ್ನು ಏರಿಸಿ ಕೊರತೆ ತುಂಬಿಕೊಂಡವು.

ಇನ್ನೊಂದು ಪರಿಣಾಮವೂ ಉಂಟು. ಒಂದೇ ಬೀದಿಯ ಒಂದೇ ಬಗೆಯ ಮನೆಗಳಲ್ಲಿ ಹಳಬರಿಗೆ ಅಲ್ಪ ತೆರಿಗೆ, ಆಮೇಲೆ ಕೊಂಡ ಹೊಸಬರಿಗೆ ಅದರ ಹಲವು ಪಟ್ಟು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಊರು ಬಿಟ್ಟು ಬಂದು ಒಂದು ಕಾಲಕ್ಕೆ ಹೊಸಬರಾಗಿದ್ದ ನಮಗೆ ಈ ಮಾತು ನಾಟದಿರದು.

ಮುಂಬಯಿಯ ವಿನಾಯಿತಿ ಕ್ಯಾಲಿಫೋರ್ನಿಯಾದಷ್ಟು ವ್ಯಾಪಕವಲ್ಲ; ಅದು ಚಿಕ್ಕ ಮನೆಗಳಿಗಷ್ಟೇ ಸಂದದ್ದು. ಆದರೂ ನಲ್ಲಿಯ ನೀರು, ಆಸ್ಪತ್ರೆಗಳ ಜತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದದ್ದು ಇದೇ ಪಾಲಿಕೆ. ಆ ಶಾಲೆಗಳಲ್ಲಿ ಅಕ್ಷರ ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ. ವಿನಾಯಿತಿಯನ್ನು ಸಂತೋಷದಿಂದಲೇ ಪಡೆಯೋಣ. ಮತ ಕೇಳಲು ಬಾಗಿಲಿಗೆ ಬಂದವರನ್ನು, ಬಿಟ್ಟ ಹಣವನ್ನು ಎಲ್ಲಿಂದ ತರುತ್ತೀರಿ ಎಂದು ಕೇಳುವುದನ್ನೂ ಮರೆಯದಿರೋಣ.