ಸೋಲುತ್ತಿದ್ದ ತಂಡ ಅಧ್ಯಕ್ಷನನ್ನು ಮನೆಗೆ ಕಳಿಸಿದ್ದು ಹೇಗೆ? ಮಿಸ್ಸೌರಿ ಫುಟ್ಬಾಲ್‌ನ 2015ರ ಸೀಸನ್

ಅಂಕಪಟ್ಟಿ ನೋಡಿದರೆ ಇದು ಮರೆತುಬಿಡಬಹುದಾದ ಸೀಸನ್. 12 ಪಂದ್ಯ, 5 ಗೆಲುವು, 7 ಸೋಲು. ಆದರೆ ವಿದ್ಯಾರ್ಥಿ ಚಳವಳಿ, ಕ್ಯಾಂಪಸ್ ಜನಾಂಗಭೇದ, ಆಟಗಾರರ ದುಡಿಮೆ ಅಂತ ಅಮೆರಿಕದಲ್ಲಿ ಚರ್ಚೆ ಬಂದಾಗಲೆಲ್ಲ ಮಿಸ್ಸೌರಿ ವಿಶ್ವವಿದ್ಯಾಲಯದ ಹೆಸರು ಬರುತ್ತೆ. ಆ ವರ್ಷ ಅಲ್ಲಿ ಏನಾಯ್ತು ಅಂತ ಒಮ್ಮೆ ನೋಡೋಣ.

ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್. ಕಾಲೇಜು ಮಟ್ಟದಲ್ಲೇ ಇದು ದೊಡ್ಡ ಉದ್ಯಮ. ಮಿಸ್ಸೌರಿಯ ಆಗಿನ ಕೋಚ್ ಗ್ಯಾರಿ ಪಿಂಕೆಲ್ ಅವರ ಸಂಬಳ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಇತ್ತು. ಇಡೀ ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷ ಟಿಮ್ ವುಲ್ಫ್ ಅವರಿಗೆ 5 ಲಕ್ಷ ಡಾಲರ್‌ಗೂ ಕಡಿಮೆ. ಮೈದಾನದಲ್ಲಿ ಮೈಮೂಳೆ ಮುರಿದುಕೊಳ್ಳುವ ಹುಡುಗರಿಗೆ ಆಗ ಸಂಬಳ ಸೊನ್ನೆ, ಸ್ಕಾಲರ್‌ಶಿಪ್ ಅಷ್ಟೇ ಇತ್ತು.

ಈ ತಂಡ 2013 ಮತ್ತು 2014ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಪೂರ್ವ ವಿಭಾಗವನ್ನು ಗೆದ್ದಿತ್ತು. 2015ರಲ್ಲೂ ಮೊದಲ 5 ಪಂದ್ಯಗಳಲ್ಲಿ 4 ಗೆಲುವು. ಆಮೇಲೆ ಗಾಡಿ ಹಳಿ ತಪ್ಪಿತು. ಮುಖ್ಯ ಕ್ವಾರ್ಟರ್‌ಬ್ಯಾಕ್ ಮ್ಯಾಟಿ ಮಾಕ್ ಅಮಾನತಾಗಿದ್ದರು, ಅವರ ಜಾಗಕ್ಕೆ ಬಂದ ಡ್ರೂ ಲಾಕ್‌ಗೆ ಇನ್ನೂ 18 ವರ್ಷ. ಫ್ಲೋರಿಡಾ, ಜಾರ್ಜಿಯಾ, ವ್ಯಾಂಡರ್‌ಬಿಲ್ಟ್ ಎದುರು ಸತತ ಸೋಲು. ಆ ಮೂರೂ ಪಂದ್ಯ ಸೇರಿಸಿದರೆ ಗಳಿಸಿದ್ದು 12 ಅಂಕ, ಒಂದೂ ಟಚ್‌ಡೌನ್ ಇಲ್ಲ! ನವೆಂಬರ್ 5ರಂದು ಮಿಸಿಸಿಪ್ಪಿ ಸ್ಟೇಟ್ ಕೈಲಿ 31-13ರ ಸೋಲು.

ಮೈದಾನದ ಹೊರಗೆ

ಅದೇ ಹೊತ್ತಿಗೆ ಕ್ಯಾಂಪಸ್ ಕುದಿಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿ ಸಂಘದ ಕಪ್ಪುವರ್ಣೀಯ ಅಧ್ಯಕ್ಷನನ್ನು ದಾರಿಯಲ್ಲಿ ಹೋಗುವಾಗ ಜನಾಂಗೀಯವಾಗಿ ನಿಂದಿಸಲಾಯಿತು. ಅಕ್ಟೋಬರ್‌ನಲ್ಲಿ ಹಾಸ್ಟೆಲ್ ಗೋಡೆಯ ಮೇಲೆ ಮಲದಲ್ಲಿ ಬರೆದ ಸ್ವಸ್ತಿಕ ಕಾಣಿಸಿತು, ನಾಜಿಗಳ ಸ್ವಸ್ತಿಕ. ಪ್ರತಿಭಟನಾಕಾರರು ಹೋಮ್‌ಕಮಿಂಗ್ ಮೆರವಣಿಗೆಯಲ್ಲಿ ವುಲ್ಫ್ ಅವರ ಕಾರು ತಡೆದರೆ, ಅವರು ಕಾರಿಂದ ಇಳಿಯಲೂ ಇಲ್ಲ, ಮಾತಾಡಲೂ ಇಲ್ಲ. (ವುಲ್ಫ್ ಬಂದಿದ್ದು ಸಾಫ್ಟ್‌ವೇರ್ ಕಂಪನಿಯ ಆಡಳಿತದಿಂದ. 'ಮೇಲ್ ಹಾಕಿ, ನೋಡ್ತೀವಿ' ಸಂಸ್ಕೃತಿ ಗೊತ್ತಿರುವ ಇಂಜಿನಿಯರ್‌ಗಳಿಗೆ ಆಶ್ಚರ್ಯ ಆಗಲಿಕ್ಕಿಲ್ಲ.)

ಚಳವಳಿಗಾರರು ತಮ್ಮನ್ನು ಕರೆದುಕೊಂಡಿದ್ದು 'ಕನ್ಸರ್ನ್ಡ್ ಸ್ಟೂಡೆಂಟ್ 1950' ಅಂತ. ಈ ವಿಶ್ವವಿದ್ಯಾಲಯ ಮೊದಲ ಬಾರಿಗೆ ಕಪ್ಪು ವಿದ್ಯಾರ್ಥಿಗೆ ಪ್ರವೇಶ ಕೊಟ್ಟ ವರ್ಷ ಅದು. ಕಾನೂನು ಓದಲು ಸೀಟು ಕೇಳಿದ್ದ ಲಾಯ್ಡ್ ಗೇನ್ಸ್ ಪರವಾಗಿ ಸುಪ್ರೀಂ ಕೋರ್ಟ್ 1938ರಲ್ಲೇ ತೀರ್ಪು ಕೊಟ್ಟಿತ್ತು. ತೀರ್ಪಿಗೂ ಬಾಗಿಲು ತೆರೆದಿದ್ದಕ್ಕೂ 12 ವರ್ಷಗಳ ಅಂತರ.

2015ರ ನವೆಂಬರ್ 2ರಂದು ಸ್ನಾತಕೋತ್ತರ ವಿದ್ಯಾರ್ಥಿ ಜೊನಾಥನ್ ಬಟ್ಲರ್ ಉಪವಾಸ ಕೂತರು. ಬೇಡಿಕೆ ಒಂದೇ, ವುಲ್ಫ್ ಹೋಗಬೇಕು. ಐದು ದಿನ ಕಳೆದರೂ ಆಡಳಿತ ಜಗ್ಗಲಿಲ್ಲ.

ಶನಿವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆವರೆಗೆ

ನವೆಂಬರ್ 7, ಶನಿವಾರ ರಾತ್ರಿ. ಸುಮಾರು 30 ಕಪ್ಪುವರ್ಣೀಯ ಆಟಗಾರರು ಒಟ್ಟಿಗೆ ನಿಂತ ಫೋಟೊ ಟ್ವಿಟರ್‌ನಲ್ಲಿ ಬಂತು. ವುಲ್ಫ್ ಇಳಿಯೋವರೆಗೂ ನಾವು ಆಡಲ್ಲ, ಪ್ರಾಕ್ಟೀಸೂ ಮಾಡಲ್ಲ. ಮರುದಿನ ಕೋಚ್ ಪಿಂಕೆಲ್ ಇಡೀ ತಂಡದ ಫೋಟೊ ಹಾಕಿ ಹುಡುಗರ ಬೆನ್ನಿಗೆ ನಿಂತರು. ತಂಡದ ಎಲ್ಲರಿಗೂ ಇದು ಒಪ್ಪಿಗೆಯಾಗಿತ್ತು ಅಂತೇನಿಲ್ಲ, ಒಳಗೆ ಗೊಣಗಾಟ ಇತ್ತು.

ಈಗ ಲೆಕ್ಕ ಹಾಕಿ. ಮುಂದಿನ ಪಂದ್ಯ ನವೆಂಬರ್ 14ಕ್ಕೆ, ಕ್ಯಾನ್ಸಸ್ ಸಿಟಿಯಲ್ಲಿ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಎದುರು. ಆಡದಿದ್ದರೆ ಒಪ್ಪಂದದ ಪ್ರಕಾರ 10 ಲಕ್ಷ ಡಾಲರ್ ದಂಡ. ಕ್ಯಾಂಪಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ. 10ಕ್ಕಿಂತ ಕಡಿಮೆ, ಆದರೆ ಫುಟ್ಬಾಲ್ ತಂಡದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು.

ಸೋಮವಾರ, ನವೆಂಬರ್ 9ರ ಬೆಳಗ್ಗೆ ವುಲ್ಫ್ ರಾಜೀನಾಮೆ ಕೊಟ್ಟರು. ಸಂಜೆಯೊಳಗೆ ಕೊಲಂಬಿಯಾ ಕ್ಯಾಂಪಸ್‌ನ ಚಾನ್ಸಲರ್ ಬೋವೆನ್ ಲಾಫ್ಟಿನ್ ಕೂಡ ಹುದ್ದೆ ಬಿಡುವುದಾಗಿ ಹೇಳಿದರು.

'ಫುಟ್ಬಾಲ್ ತಂಡ ಅಧ್ಯಕ್ಷನನ್ನು ಇಳಿಸಿತು' ಅನ್ನೋದು ಅರ್ಧಸತ್ಯ. ಎರಡು ತಿಂಗಳ ಸಂಘಟನೆ, ಬಟ್ಲರ್ ಅವರ ಹಸಿವು ಇಲ್ಲದಿದ್ದರೆ ಆ ಟ್ವೀಟ್ ಬರುತ್ತಲೇ ಇರಲಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ಜೀವ ಅಪಾಯದಲ್ಲಿದ್ದಾಗ ಅಲುಗದ ಕುರ್ಚಿ, ಒಂದು ಪಂದ್ಯ ರದ್ದಾಗುತ್ತೆ ಅಂದಕೂಡಲೇ ಅಲುಗಿತು. ಗೆಲ್ಲುವ ತಂಡವೂ ಆಗಿರಬೇಕಿರಲಿಲ್ಲ. ಸೋತು ಸುಣ್ಣವಾಗಿದ್ದ ತಂಡಕ್ಕೂ 'ಆಡಲ್ಲ' ಅನ್ನುವ ಶಕ್ತಿ ಇತ್ತು. ಇಂಟರ್ನಲ್ಸ್ ಮಾರ್ಕ್ಸ್‌ಗೆ ಹೆದರಿ ಒಂದು ಮನವಿ ಪತ್ರಕ್ಕೂ ಸಹಿ ಹಾಕದೆ ಇಂಜಿನಿಯರಿಂಗ್ ಮುಗಿಸಿದವನು ನಾನು. ಸ್ಕಾಲರ್‌ಶಿಪ್ ಪಣಕ್ಕಿಟ್ಟವರ ಧೈರ್ಯ ಎಷ್ಟಿರಬೇಕು ಅಂತ ನನಗೆ ಅಂದಾಜಿದೆ.

ಆ ಧೈರ್ಯಕ್ಕೆ ಬೇರೆಯವರು ಬೆಲೆ ತೆತ್ತಿದ್ದರು. 1969ರ ಅಕ್ಟೋಬರ್‌ನಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ 14 ಕಪ್ಪು ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಲು ಅನುಮತಿ ಕೇಳಿದರು. ಎದುರಾಳಿ ಆಗಲೂ ಬ್ರಿಗಮ್ ಯಂಗ್. ಅದನ್ನು ನಡೆಸುವ ಮಾರ್ಮನ್ ಚರ್ಚು ಆಗ ಕಪ್ಪು ಜನರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಕೋಚ್ ಲಾಯ್ಡ್ ಈಟನ್ 14 ಜನರನ್ನೂ ತಂಡದಿಂದ ಹೊರಹಾಕಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2019ರಲ್ಲಿ.

ಆಮೇಲೆ

ಪಿಂಕೆಲ್ ತಮಗೆ ಲಿಂಫೋಮಾ ಕ್ಯಾನ್ಸರ್ ಇದೆ, ಸೀಸನ್ ಮುಗಿದ ಮೇಲೆ ನಿವೃತ್ತಿ ಅಂತ ನವೆಂಬರ್ 13ರಂದು ಹೇಳಿದರು. ಮರುದಿನ ತಂಡ ಆಡಿತು, 20-16ರಿಂದ ಗೆದ್ದಿತು. ಕೊನೆಯ ಎರಡು ಪಂದ್ಯ ಟೆನ್ನೆಸ್ಸೀ, ಅರ್ಕಾನ್ಸಾ ಎದುರು ಸೋಲು.

ಡಿಸೆಂಬರ್‌ನಲ್ಲಿ ರಿಪಬ್ಲಿಕನ್ ಶಾಸಕ ರಿಕ್ ಬ್ರಾಟಿನ್, ಮುಷ್ಕರ ಮಾಡುವ ಆಟಗಾರರ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವ ಮಸೂದೆ ತಂದು, ಟೀಕೆ ಜೋರಾದ ಮೇಲೆ ಹಿಂತೆಗೆದುಕೊಂಡರು. ಎರಡು ವರ್ಷಗಳಲ್ಲಿ ಹೊಸ ವಿದ್ಯಾರ್ಥಿಗಳ ದಾಖಲಾತಿ ಮೂರನೇ ಒಂದಕ್ಕಿಂತ ಹೆಚ್ಚು ಕುಸಿಯಿತು.

ಅದೇ 2015ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ ಇನ್ನೊಂದು ಪ್ರಶ್ನೆಯಿಂದ ಜಾರಿಕೊಂಡಿತ್ತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್ಬಾಲ್ ಆಟಗಾರರು ಯೂನಿಯನ್ ಕಟ್ಟಬಹುದಾ ಅನ್ನೋ ಪ್ರಕರಣ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳಲ್ಲ ಅಂದಿತ್ತು. ಮೂರು ತಿಂಗಳಿಗೆ ಮಿಸ್ಸೌರಿಯ ಹುಡುಗರು ಯೂನಿಯನ್ ಇಲ್ಲದೆಯೇ ಮುಷ್ಕರ ಮಾಡಿದರು. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡ್ಡು ಮಾಡಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಅವರು ನೌಕರರಾ ಅನ್ನೋ ಪ್ರಶ್ನೆಗೆ ಆ ರಾಜಿಯಲ್ಲೂ ಉತ್ತರ ಇಲ್ಲ.